ಕವಿಶೈಲದಲ್ಲಿ ಕೇಳಿದ ಮಾತು

ನೀವೂ ಕವನ ಬರೆಯುತ್ತೀರಾ? ಓದಿ ಹೇಳಿದರೆ ಎಲ್ಲರೂ "ಚೆನ್ನಾಗಿದೆ" ಅನ್ನುವವರೇ ಅಲ್ಲವೇ? ಕುಪ್ಪಳಿಗೆ ಹೋಗಿಬರುವ ತನಕ ನನ್ನ ಕಥೆಯೂ ಅದೇ ಆಗಿತ್ತು.

ಕಳೆದ ಡಿಸೆಂಬರಿನಲ್ಲಿ ನಮ್ಮವರು, ಅವರ ಅಕ್ಕ, ನಾನು ತಿಪಟೂರಿನಿಂದ ಹೊರಟೆವು. ತೀರ್ಥಹಳ್ಳಿಯಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ಕೊಪ್ಪದ ದಾರಿ ಹಿಡಿದೆವು. ಕುವೆಂಪು ಬೆಳೆದ ಮನೆ ಈಗ 'ಕವಿಮನೆ' ಎಂಬ ವಸ್ತುಸಂಗ್ರಹಾಲಯ. ನಡುವೆ ಅಂಗಳ, ಸುತ್ತ ಮರದ ಕಂಬಗಳು, ಮೇಲೆ ಉಪ್ಪರಿಗೆ. ಹಳೆಯ ಪಾತ್ರೆ ಪಡಗಗಳನ್ನು ನೋಡುತ್ತಾ ಅತ್ತಿಗೆ ಮತ್ತು ನಾನು ಅಲ್ಲೇ ನಿಂತುಬಿಟ್ಟೆವು!

ಮನೆಯ ಹಿಂದಿನ ಗುಡ್ಡವೇ ಕವಿಶೈಲ. ಹತ್ತುವಾಗ ನಮ್ಮವರು ಒಂದು ಸಂಗತಿ ಹೇಳಿದರು. ಕುವೆಂಪು ಮೈಸೂರಿನಲ್ಲಿ ಓದುವಾಗ ಇಂಗ್ಲಿಷಿನಲ್ಲಿ ಕವನ ಬರೆಯುತ್ತಿದ್ದರು. 1924ರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ಅವನ್ನು ತೋರಿಸಿದರು. ಅವರು ಹೊಗಳಲಿಲ್ಲ, ನಿನ್ನ ಭಾಷೆಯಲ್ಲಿ ಬರಿ ಅಂದರು. ಹುಡುಗನಿಗೆ ನಿರಾಸೆಯೇ ಆಯಿತು. ಆದರೆ ಆ ಮಾತಿನಿಂದಲೇ ಕನ್ನಡದ ಕಡೆ ತಿರುಗಿದರು.

ಮೇಲೆ ಬಂಡೆಯ ಮೇಲೆ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಇವರು 1936ರಲ್ಲಿ ಕೆತ್ತಿದ ಹೆಸರುಗಳಿವೆ. ಪಕ್ಕದಲ್ಲೇ ಕವಿಯ ಸಮಾಧಿ. ಅಲ್ಲಿ ಕೂತು, ಚೀಲದಲ್ಲಿದ್ದ ನನ್ನ ಕವನ ತೆಗೆದು ಓದಿದೆ. ಮಲೆನಾಡಿನ ಮಳೆಯ ಮೇಲಿನದು. ನಮ್ಮ ಮಹಿಳಾ ಸಮಾಜದಲ್ಲಿ ಚಪ್ಪಾಳೆ ಬಿದ್ದಿತ್ತು. ತಾಲ್ಲೂಕಿನ ಕವಿಗೋಷ್ಠಿಗೆ ಕಳಿಸಬೇಕೆಂದಿದ್ದೆ.

ನಮ್ಮವರು ಎಂದಿನಂತೆ "ಚೆನ್ನಾಗಿದೆ" ಅಂದರು. ಏಳನೇ ಕ್ಲಾಸಿನವರೆಗಷ್ಟೇ ಓದಿದ ಅತ್ತಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಮಲೆನಾಡಿನ ಮಳೇಲಿ ಯಾವತ್ತು ನೆಂದೆ? ಇದೆಲ್ಲ ಯಾರೋ ಬರೆದದ್ದನ್ನ ಓದಿ ಬರೆದ ಹಾಗಿದೆ ಕಣೇ," ಅಂದರು.

ನನ್ನ ಮುಖ ಸಪ್ಪಗಾಯಿತು. ನಾನು ಎಸ್ಸೆಸ್ಸೆಲ್ಸಿ ಪಾಸು, ಇವರಿಗೇನು ಗೊತ್ತು ಅನ್ನಿಸಿದ್ದೂ ನಿಜ. "ಹಾಗಾದರೆ ಕವಿ ಕಲ್ಪಿಸಿಕೊಳ್ಳಬಾರದಾ?" ಎಂದೆ. "ಕಲ್ಪಿಸಿಕೋ. ಆದರೆ ಒಣಗಲು ಹಾಕಿದ ಬಟ್ಟೆ ತರಲು ಓಡ್ತೀವಿ, ನಾಲ್ಕು ಹನಿ ಬಿದ್ದು ಮಳೆ ನಿಂತೇ ಹೋಗುತ್ತೆ ಅಂತ ಬರೆದೆಯಲ್ಲ, ಅದು ನಿಜ. ಮಲೆನಾಡಲ್ಲಿ ಹಾಗಾಗುತ್ತಾ? ಅದು ನಮ್ಮೂರಿನ ಮಳೆ. ಅದನ್ನೇ ಬರಿ." ಮಧ್ಯೆ ನಮ್ಮವರೂ ಬಾಯಿ ಹಾಕಿದರು, ಕೊನೆಯ ಸಾಲು ತಮಗೆ ಅರ್ಥವೇ ಆಗಲಿಲ್ಲವೆಂದು ಈಗ ಒಪ್ಪಿಕೊಂಡರು! ಬುತ್ತಿಯ ಪುಳಿಯೋಗರೆ ತಿನ್ನುತ್ತಾ ಮೂವರೂ ಒಂದು ಗಂಟೆ ವಾದ ಮಾಡಿದೆವು. ಮದುವೆಯಾಗಿ ಇಪ್ಪತ್ಮೂರು ವರ್ಷಕ್ಕೆ ನನ್ನ ಕವನವನ್ನು ಮನೆಯವರು ನಿಜವಾಗಿ ಕೇಳಿದ್ದು ಅಂದೇ.

ಕವಿಗೋಷ್ಠಿಗೆ ಆ ಕವನ ಹೋಗಲಿಲ್ಲ. ಮಳೆಗೆ ಕಾದು ಕೂರುವ ನಮ್ಮೂರಿನ ಮೇಲೆ ಹೊಸದು ಬರೆಯುತ್ತಿದ್ದೇನೆ, ಇನ್ನೂ ಸರಿಹೋಗಿಲ್ಲ. ಸಮಾಜದಲ್ಲಿ ಗೆಳತಿಯರ ಮುಖ ನೋಡಿ ನಾನೂ ಎಷ್ಟು ಸಲ "ಚೆನ್ನಾಗಿದೆ" ಅಂದಿದ್ದೆನೋ! ಸಾರಿಗೆ ಉಪ್ಪು ಕಮ್ಮಿಯಾದರೆ ಹೇಳುತ್ತೇವೆ, ಕವನಕ್ಕೆ ಮಾತ್ರ ಯಾಕೆ ಸಂಕೋಚ?

ನೀವೂ ಒಮ್ಮೆ ಕುಪ್ಪಳಿಗೆ ಹೋಗಿಬನ್ನಿ. ಮಳೆಗಾಲದಲ್ಲಿ ಇಂಬಳದ ಕಾಟ, ಚಳಿಗಾಲ ಒಳ್ಳೆಯದು. ನಿಮ್ಮ ಕವನವೊಂದನ್ನು ಜೊತೆಗಿಟ್ಟುಕೊಳ್ಳಿ. ಮುಖಸ್ತುತಿ ಮಾಡದ ಒಬ್ಬರನ್ನೂ ಮರೆಯದೆ ಕರೆದುಕೊಂಡು ಹೋಗಿ.