ಮೇಷ್ಟ್ರು ಕಲಿಸಿದ ತಾಳ

ಆನ್‌ಸೈಟ್ ಅಂತ ಸಾಂತಾ ಕ್ಲಾರಾಗೆ ಬಂದಾಗ ಈ ಊರೆಂದರೆ ನನಗೆ ಚಿಪ್ಪು, ಕಂಪನಿ, ದುಬಾರಿ ಬಾಡಿಗೆ ಅಷ್ಟೇ. ಮೀಟಿಂಗಿನಲ್ಲಿ ಬೆರಳಿನಿಂದ ಮೇಜಿನ ಮೇಲೆ ತಾಳ ಹಾಕುವ ಸಹೋದ್ಯೋಗಿಯೊಬ್ಬರನ್ನು ಕೇಳಿದೆ. ‘ಹುಡುಗನಾಗಿದ್ದಾಗ ವ್ಯಾನ್‌ಗಾರ್ಡ್‌ನಲ್ಲಿ ಡ್ರಮ್ ಬಾರಿಸ್ತಿದ್ದೆ’ ಅಂದರು.

ಸಾಂತಾ ಕ್ಲಾರಾ ವ್ಯಾನ್‌ಗಾರ್ಡ್ ಇಲ್ಲಿನ ಡ್ರಮ್ ಮತ್ತು ಬ್ಯೂಗಲ್ ತಂಡ. ನುಡಿಸುತ್ತಲೇ ಮೈದಾನದ ತುಂಬ ರಂಗೋಲಿ ಎಳೆದಂತೆ ಸಾಗುತ್ತಾರೆ. 1967ರಲ್ಲಿ ಇದನ್ನು ಕಟ್ಟಿದವರು ಗೇಲ್ ರಾಯರ್, ಸಂಗೀತದ ಮೇಷ್ಟ್ರು. ಅವರ ಕಾಲದಲ್ಲೇ 1973, 1974, 1978, 1981, 1989, ಹೀಗೆ ಐದು ಸಲ ತಂಡ ಡಿಸಿಐ ಚಾಂಪಿಯನ್ ಆಯ್ತು. 1993ರಲ್ಲಿ ಮೇಷ್ಟ್ರು ತೀರಿಕೊಂಡರು.

ಇಂಥ ತಂಡಗಳಲ್ಲಿ 22 ದಾಟಿದವರಿಗೆ ಜಾಗವಿಲ್ಲ. ಚೆನ್ನಾಗಿ ಕಲಿತವರೇ ಹೊರಡಬೇಕು. ಮರುವರ್ಷ ಹೊಸಬರು, ಮತ್ತೆ ಮೊದಲ ಹೆಜ್ಜೆಯಿಂದ ಪಾಠ. ನಮ್ಮಲ್ಲಿ ಯಾರಾದರೂ ಪೇಪರ್ ಹಾಕಿದರೆ ‘ಇವನಿಗೆ ಕಲಿಸಿದ್ದೆಲ್ಲ ದಂಡ’ ಅಂತೀವಿ. ರಾಯರ್ ಸುಮಾರು 25 ವರ್ಷ, ಹೋಗುವವರಿಗೇ ಕಲಿಸಿದರು.

2023ರಲ್ಲಿ ತಂಡ ಸ್ಪರ್ಧೆಗೆ ಇಳಿಯಲಿಲ್ಲ. ಇನ್ನು ಮುಗೀತು ಅಂದುಕೊಂಡೆ. 2024ರಲ್ಲಿ ಮತ್ತೆ ಬಂತು. ಮೇಷ್ಟ್ರನ್ನು ಕಂಡೇ ಇರದ ಮಕ್ಕಳು ನುಡಿಸಿದರು.

ಸೋಮವಾರ ನಮ್ಮ ಟೀಮಿಗೆ ಹೊಸ ಹುಡುಗಿ ಸೇರ್ತಾಳೆ. ಎರಡೇ ವರ್ಷಕ್ಕೆ ಬಿಟ್ಟುಹೋಗಬಹುದು. ಹೋಗಲಿ, ನನಗೆ ಗೊತ್ತಿರೋದನ್ನೆಲ್ಲ ಕಲಿಸ್ತೀನಿ.