ಲೋಟದ ಬಾಯಿ

ಲೋಟದ ಚಿತ್ರ ಬರೆಯುವುದರಲ್ಲಿ ಏನಿದೆ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಎರಡು ಓರೆ ಗೆರೆ, ಮೇಲೆ ಕೋಳಿಮೊಟ್ಟೆಯನ್ನು ಅಡ್ಡ ಮಲಗಿಸಿದಂಥ ಬಾಯಿ, ಕೆಳಗೆ ತುಸು ಬಾಗಿದ ತಳ. ಎರಡು ನಿಮಿಷದ ಕೆಲಸ.

1996ರಲ್ಲಿ ನನಗೆ ದೊಡ್ಡಬಳ್ಳಾಪುರಕ್ಕೆ ವರ್ಗವಾಯಿತು. ಹೊಸಕೋಟೆ ಕಡೆಯ ಹಳ್ಳಿಯಿಂದ ಬಂದವಳಿಗೆ ಆ ಊರಿನಲ್ಲಿ ಮೊದಲು ಕಿವಿಗೆ ಬಿದ್ದದ್ದು ಮಗ್ಗದ ಸದ್ದು. ಬೀದಿಗೆ ಬೀದಿಯೇ ಟಕಟಕ ಎನ್ನುತ್ತಿತ್ತು. ಅದನ್ನು ಮೀರಿ ಪಾಠ ಹೇಳಬೇಕು. ಕರೆಂಟು ಹೋದಾಗ ಊರೆಲ್ಲ ಒಮ್ಮೆಲೇ ಸುಮ್ಮನಾಗಿ, ನನ್ನ ಕೂಗು ನನಗೇ ಕೇಳಿಸಿ ನಾಚಿಕೆಯಾಗುತ್ತಿತ್ತು.

ನನ್ನ ಪಾಲಿಗೆ ಬಂದದ್ದು ಒಂದನೆಯ ತರಗತಿ. ಒಂದು ಶನಿವಾರ ಬೋರ್ಡಿನ ಮೇಲೆ ಲೋಟ ಬರೆದು, ಸ್ಲೇಟಿನಲ್ಲಿ ಬರೆಯಿರಿ ಎಂದೆ. ಮುಂದಿನ ಸಾಲಿನ ಎರಡು ಜಡೆಯ ಹುಡುಗಿ ಲೋಟದ ಬಾಯಿಯನ್ನು ಬಳೆಯ ಹಾಗೆ ಪೂರ್ತಿ ದುಂಡಗೆ ಬರೆದಿದ್ದಳು. ತಳ ಮಾತ್ರ ಸ್ಕೇಲಿಟ್ಟು ಎಳೆದಷ್ಟು ನೇರ.

"ಎಲ್ಲಾದರೂ ಹೀಗಿರುತ್ತದೇನೇ ಲೋಟ?" ಎನ್ನುತ್ತ ಅಂಗೈಯಿಂದ ಒರೆಸಿ, ನನ್ನ ಲೋಟವನ್ನು ಬರೆದುಕೊಟ್ಟೆ. ಅವಳು ಅದನ್ನೇ ನೋಡುತ್ತ ಕುಳಿತು ಆಮೇಲೆ ಕೇಳಿದಳು: "ಮಿಸ್, ಇಷ್ಟೇ ಬಾಯಿ ಇದ್ರೆ ನೀರು ಹೆಂಗೆ ಹುಯ್ಯೋದು?"

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. "ಲೋಟದ ಬಾಯಿ ಇರಲಿ, ನಿನ್ನ ಬಾಯಿ ಮುಚ್ಚಿಕೊಂಡು ಬರಿ" ಎಂದೆ.

ಬರೆದಳು. ಅಂದಿನಿಂದ ನಾನು ಏನು ಬರೆದರೂ ಅಚ್ಚು ಒತ್ತಿದ ಹಾಗೆ ಬರೆಯತೊಡಗಿದಳು. ಕೊಡೆ, ಬಿಂದಿಗೆ, ಮಾವಿನಹಣ್ಣು, ಎಲ್ಲಕ್ಕೂ 'ಗುಡ್' ಕೊಟ್ಟೆ. ಎರಡು ತಿಂಗಳು ಕಳೆದಿರಬಹುದು. ಒಂದು ದಿನ ತಲೆನೋವೆಂದು, "ನಿಮಗೆ ಇಷ್ಟ ಬಂದದ್ದು ಬರೀರಿ" ಎಂದು ಕುಳಿತುಬಿಟ್ಟೆ. ಗಂಟೆ ಹೊಡೆದಾಗ ಅವಳ ಸ್ಲೇಟು ಖಾಲಿ. "ಯಾಕಮ್ಮ?" ಎಂದರೆ, "ನೀವು ಬರೀಲಿಲ್ವಲ್ಲ ಮಿಸ್" ಎಂದಳು.

ಆ ರಾತ್ರಿ ಊಟಕ್ಕೆ ಕುಳಿತಾಗ ಎದುರಿಗಿದ್ದ ಸ್ಟೀಲ್ ಲೋಟವನ್ನು ಮೊದಲ ಸಲ ಸರಿಯಾಗಿ ನೋಡಿದೆ. ಬಗ್ಗಿ ಮೇಲಿನಿಂದ ನೋಡಿದರೆ ಬಾಯಿ ಬಳೆಯೇ. ಕಣ್ಣಿನ ಮಟ್ಟಕ್ಕೆ ಎತ್ತಿದರೆ ಬರೀ ಒಂದು ಗೆರೆ. ನಡುವೆ ಹಿಡಿದರೆ ನನ್ನ ಕೋಳಿಮೊಟ್ಟೆ. ಮೂರೂ ನಿಜ, ನಾನು ಒಂದನ್ನೇ ಹಿಡಿದುಕೊಂಡು ಉಳಿದದ್ದನ್ನು ಒರೆಸಿದ್ದೆ.

ಮುಂದಿನ ಶನಿವಾರ ಮನೆಯಿಂದ ಆರು ಲೋಟ ಒಯ್ದೆ. ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ಮಕ್ಕಳು ಕಣ್ಣು ಮುಚ್ಚಿ ಲೋಟದ ಅಂಚಿನ ಮೇಲೆ ಬೆರಳಾಡಿಸಿದರು, ನೀರು ತುಂಬಿದರು, ಚೆಲ್ಲಿದರು, ನಿಂತು ನೋಡಿದರು, ನೆಲಕ್ಕೆ ಗಲ್ಲ ಊರಿ ನೋಡಿದರು. "ಮಿಸ್, ಬಾಯಿ ಮುಚ್ಕೊಂತು!" ಎಂದು ಒಬ್ಬ ಕೂಗಿದ. ಆಮೇಲೆ ಬರೆಯಿರಿ ಎಂದೆ. ನಲವತ್ತು ಮಕ್ಕಳ ನಲವತ್ತು ಲೋಟ, ಒಂದರಂತೆ ಒಂದಿಲ್ಲ. ಎರಡು ಜಡೆಯವಳು ಮಾತ್ರ ನನ್ನ ಮೊಟ್ಟೆ ಬಾಯಿಯ ಲೋಟವನ್ನೇ ಬರೆದಿದ್ದಳು. ಒರೆಸುವುದು ಒಂದು ಕ್ಷಣದ ಕೆಲಸ. ಮತ್ತೆ ಮೂಡಿಸುವುದಕ್ಕೆ ಕಾಯಬೇಕು.

ದೀಪಾವಳಿ ಕಳೆದ ಮೇಲೆ ಒಂದು ದಿನ ತಾನಾಗಿಯೇ ಸ್ಲೇಟು ತಂದು ತೋರಿಸಿದಳು. "ಅಬ್ಬಾ, ದೋಣಿ ಎಷ್ಟು ಚೆನ್ನಾಗಿದೆ!" ಎಂದೆ. ನನ್ನನ್ನು ಕಂಡು ಅವಳಿಗೆ ಅಯ್ಯೋ ಪಾಪ ಅನ್ನಿಸಿರಬೇಕು. "ದೋಣಿ ಅಲ್ಲ ಮಿಸ್, ಲಾಳಿ. ಇದು ಕಂಡಿಕೆ. ಇಲ್ಲಿಂದ ನೂಲು ಬರತ್ತೆ."

ಶಾಲೆಗೆ ಬಾರದ ಮಕ್ಕಳ ಪಟ್ಟಿ ಮಾಡಲು ಮನೆ ಮನೆ ತಿರುಗುವಾಗ ಅವಳ ಮನೆಗೂ ಹೋದೆ. ಮುಂದಿನ ಕೋಣೆಯ ತುಂಬ ಮಗ್ಗ. ಮಲಗುವ ಜಾಗ ಅದರ ಪಕ್ಕದಲ್ಲೇ. "ಬನ್ನಿ ಮೇಡಂ, ಕಾಫಿ ಕುಡೀರಿ" ಎಂದು ಅವಳ ಅಮ್ಮ ಒಳಗೆ ಹೋದರು. ಅಪ್ಪ ಮಗ್ಗ ನಿಲ್ಲಿಸಿ ಲಾಳಿಯನ್ನು ನನ್ನ ಕೈಗಿಟ್ಟರು. ಎರಡು ತುದಿಗೂ ಲೋಹದ ಮೊನೆ, ನಡುವಿನ ಹಳ್ಳದಲ್ಲಿ ಕಂಡಿಕೆ. ಮೇಲಿನಿಂದ ನೋಡಿದರೆ ಕಂಡಿಕೆ ಕಾಣುತ್ತದೆ, ನೂಲು ಹೊರಬರುವ ಪಕ್ಕದ ತೂತು ಕಾಣುವುದಿಲ್ಲ. ಪಕ್ಕದಿಂದ ನೋಡಿದರೆ ತೂತು ಕಾಣುತ್ತದೆ, ಕಂಡಿಕೆ ಮರೆ. ಹುಡುಗಿ ಎರಡನ್ನೂ ಬರೆದಿದ್ದಳು. ಕಂಡಿಕೆಯಿಲ್ಲದೆ, ತೂತಿಲ್ಲದೆ ಅದು ಸೀರೆ ನೇಯುವುದಾದರೂ ಹೇಗೆ?

ಇದನ್ನು ಬಲ್ಲವರು ಎಂದೋ ಹೇಳಿದ್ದಾರೆಂದು ನನಗೆ ಗೊತ್ತಾದದ್ದು ನಿವೃತ್ತಿಯ ನಂತರ. ಮಕ್ಕಳು ಕಂಡದ್ದನ್ನಲ್ಲ, ತಮಗೆ ಗೊತ್ತಿರುವುದನ್ನು ಬರೆಯುತ್ತಾರೆ ಎಂದು ಫ್ರಾನ್ಸಿನ ಲ್ಯೂಕೆ 1927ರಲ್ಲೇ ಪುಸ್ತಕ ಬರೆದಿದ್ದರು. 1972ರಲ್ಲಿ ಫ್ರೀಮನ್ ಮತ್ತು ಜಾನಿಕೌನ್ ಎಂಬುವರು 5ರಿಂದ 9 ವರ್ಷದ ಮಕ್ಕಳ ಮುಂದೆ, ಹಿಡಿ ಹಿಂದಕ್ಕೆ ಮರೆಯಾಗುವಂತೆ ಒಂದು ಕಪ್ಪನ್ನು ಇಟ್ಟರು. ಎದುರಿಗೆ ಕಾಣುತ್ತಿದ್ದ ಹೂವನ್ನು ಬಿಟ್ಟು, ಕಾಣದ ಹಿಡಿಯನ್ನು ಬರೆದವರು ಚಿಕ್ಕವರು. ಹಿಡಿಯಿಲ್ಲದಿದ್ದರೆ ಅದು ಕಪ್ಪು ಹೇಗಾದೀತು! ಎಂಟು ವರ್ಷದ ಹೊತ್ತಿಗೆ ಆ ಮಕ್ಕಳು ಕಂಡದ್ದನ್ನೇ ಬರೆಯತೊಡಗಿದ್ದರು. ನಾನು ಆತುರಪಡಬೇಕಾಗಿಯೇ ಇರಲಿಲ್ಲ.

ಮೊನ್ನೆ ಮೊಮ್ಮಗ ಲೋಟ ಬರೆದು ತಂದ. ಬಾಯಿ ಬಳೆಯಷ್ಟು ದುಂಡಗೆ, ತಳ ನೇರ. ಅವನ ಅಮ್ಮ ರಬ್ಬರು ಹುಡುಕುತ್ತಿದ್ದಳು. "ತಡಿಯೇ" ಎಂದು ಅವಳನ್ನು ತಡೆದು, "ಇದಕ್ಕೆ ಏನು ಹುಯ್ಯೋಣ?" ಎಂದು ಅವನನ್ನು ಕೇಳಿದೆ.

"ಬಾದಾಮಿ ಹಾಲು, ಅಜ್ಜಿ. ತುಂಬಾ."

ತುಂಬಾ ಹುಯ್ಯಬೇಕಾದರೆ ಬಾಯಿ ಅಷ್ಟು ಅಗಲ ಇರಲೇಬೇಕು.