ಕೋಲಿನ ನೆರಳು, ಅಪ್ಪನ ಫೋನು

ಆಗಸ್ಟ್ ತಿಂಗಳ ಮೊದಲ ದಿನಗಳು. ಬೀದರಿನ ಶಾಲೆಯೊಂದರ ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಒಂದು ಮೀಟರ್ ಕೋಲಿನ ಸುತ್ತ ಮಕ್ಕಳು ಕುಕ್ಕರುಗಾಲಲ್ಲಿ ಕುಳಿತಿದ್ದಾರೆ. ಅದೃಷ್ಟಕ್ಕೆ ಮೋಡ ಸರಿದಿದೆ. ಗಿಡ್ಡವಾಗುತ್ತ ಬಂದ ನೆರಳು ಮಧ್ಯಾಹ್ನ 12.26ರ ಹೊತ್ತಿಗೆ ಕೋಲಿನ ಬುಡದಲ್ಲೇ ಅಡಗುತ್ತದೆ. ‘ನೆರಳು ಎಲ್ಲಿ ಹೋಯ್ತ್ರಿ ಸರ್?’ ಎನ್ನುತ್ತಾಳೆ ಒಬ್ಬಳು. ಮಾಸ್ತರರು ಉತ್ತರ ಹೇಳುವುದಿಲ್ಲ. ‘ನೀವೇ ನಾಲ್ಕು ಮಂದಿ ಕೂಡಿ ಮಾತಾಡ್ರಿ’ ಎನ್ನುತ್ತಾರೆ.

ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಲ್ಲಿ ತಮ್ಮ ತರಗತಿಯಲ್ಲಿ ಶುರುಮಾಡಿದ್ದೂ ಇದನ್ನೇ. ಮೊದಲು ಪ್ರಶ್ನೆ, ಆಮೇಲೆ ವಿದ್ಯಾರ್ಥಿಗಳ ನಡುವೆ ವಾದ, ವಿವರಣೆ ಕೊನೆಗೆ.

ಬೀದರ ಇರುವುದು ಸುಮಾರು 18 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವರ್ಷಕ್ಕೆ ಎರಡು ಸಲ, ಮೇ ಎರಡನೆಯ ವಾರದಲ್ಲಿ ಮತ್ತು ಆಗಸ್ಟ್ ಆರಂಭದಲ್ಲಿ, ಸೂರ್ಯ ಇಲ್ಲಿ ನೆತ್ತಿಯ ಮೇಲೆ ಬರುತ್ತಾನೆ. ಮೇನಲ್ಲಿ ಶಾಲೆಗೆ ರಜೆ, ಆಗಸ್ಟಿನಲ್ಲಿ ಮಳೆ! ಔರಾದ ಇನ್ನೂ ಮೂರನೇ ಒಂದು ಡಿಗ್ರಿಯಷ್ಟು ಉತ್ತರಕ್ಕಿದೆ. ಸೂರ್ಯ ಈ ದಿನಗಳಲ್ಲಿ ದಿನಕ್ಕೆ ಕಾಲು ಡಿಗ್ರಿಯಂತೆ ದಕ್ಷಿಣಕ್ಕೆ ಸರಿಯುವುದರಿಂದ ಅಲ್ಲಿ ನೆರಳು ಒಂದು ದಿನದಷ್ಟು ಮೊದಲೇ ಮಾಯವಾಗುತ್ತದೆ. ಭಾಲ್ಕಿ ನಡುವೆ. ಮೂರೂ ಊರಿನ ಮಕ್ಕಳು ಫೋನಿನಲ್ಲಿ ತೆಗೆದ ಫೋಟೋ ಹಂಚಿಕೊಂಡರೆ ಸೂರ್ಯನ ದಕ್ಷಿಣದ ಪಯಣ ಕಣ್ಣೆದುರಿಗೇ. ನಿಜಾಮರ ಕಾಲದಲ್ಲಿ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಚನ್ನಬಸವ ಪಟ್ಟದ್ದೇವರ ನಾಡಿದು. ಔರಾದದ ಎಷ್ಟೋ ಮಕ್ಕಳ ಮನೆಮಾತು ಮರಾಠಿ. ಅಕ್ಷಾಂಶ, ರೇಖಾಂಶ ಎಂಬ ಪದಗಳು ಮಾತ್ರ ಎರಡೂ ಭಾಷೆಗೆ ಒಂದೇ.

ಇನ್ನೂ ಸೊಗಸಾದದ್ದು ಬೆಂಗಳೂರಿನ ಲೆಕ್ಕ. ಬೀದರ, ಬೆಂಗಳೂರು ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ಅದೇ ಹೊತ್ತಿನಲ್ಲಿ ಬೆಂಗಳೂರಿನಲ್ಲಿರುವ ಕಾಕಾನಿಗೆ ಫೋನ್ ಮಾಡಿದರೆ, ಅಲ್ಲಿನ ಒಂದು ಮೀಟರ್ ಕೋಲಿನ ನೆರಳು ಸುಮಾರು ಎಂಟೂವರೆ ಸೆಂಟಿಮೀಟರ್, ಅದೂ ದಕ್ಷಿಣಕ್ಕೆ! ಕೋನ ಸುಮಾರು 5 ಡಿಗ್ರಿ. ನೇರ ದೂರ ಸುಮಾರು 550 ಕಿಲೋಮೀಟರ್. (ಬಸ್ಸಿನ ದಾರಿ ಹಿಡಿದರೆ ಲೆಕ್ಕ ಕೆಡುತ್ತದೆ.) 360ರಲ್ಲಿ 5 ಡಿಗ್ರಿ 72 ಸಲ. 550ನ್ನು 72ರಿಂದ ಗುಣಿಸಿದರೆ 39,600. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್! ಎರಟೋಸ್ಥನೀಸ್ 2,200 ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಮಾಡಿದ್ದು ಇದೇ ಲೆಕ್ಕ. ಪಾಪ, ಅವನ ಬಳಿ ಫೋನಿರಲಿಲ್ಲ.

ಮೋಡ ಕವಿದ ದಿನಕ್ಕೆ ‘ಸ್ಟೆಲೇರಿಯಂ’ ಎಂಬ ಉಚಿತ ತಂತ್ರಾಂಶವಿದೆ. ಬೇಕಾದ ಊರಿನ, ಬೇಕಾದ ದಿನದ ಆಕಾಶ ತೋರಿಸುತ್ತದೆ. ಆದರೆ ಕೋಲು ನೆಡದೆ ಪರದೆಯನ್ನಷ್ಟೇ ನೋಡಿದ ಮಗು ಸಿನಿಮಾ ನೋಡಿದಂತೆ ನೋಡಿ ಎದ್ದುಹೋಗುತ್ತದೆ. ಧೂಳು ಹಿಡಿದೀತೆಂದು ಬಟ್ಟೆ ಹೊದಿಸಿ ಬೀಗ ಹಾಕಿದ ದೊಡ್ಡ ಟಿ.ವಿ.ಗಳಿಗಂತೂ ಅದೂ ಇಲ್ಲ.

ಪಾಲಕರ ಭಯ ಸುಳ್ಳಲ್ಲ. 2020ರ ಕೊರೊನಾ ಕಾಲದಲ್ಲಿ ಪಾಠಕ್ಕೆಂದು ಕೈಗೆ ಬಂದ ಫೋನು ಎಷ್ಟೋ ಮನೆಗಳಲ್ಲಿ ಆಟಕ್ಕೆ ಉಳಿಯಿತು. ಹಾಗೆಂದು ಮಗನಿಗೆ ಸಿಕ್ಕಷ್ಟು ಸಲೀಸಾಗಿ ಮಗಳಿಗೆ ಸಿಕ್ಕಿತೇ? ನೆರಳು ಎಲ್ಲಿ ಹೋಯಿತೆಂದು ಕೇಳಿದ ಆ ಹುಡುಗಿ ಅಪ್ಪನ ಫೋನನ್ನು ಒಂದೇ ದಿನಕ್ಕೆಂದು ತಂದಿದ್ದಳು. ಬೆಂಗಳೂರಿನಲ್ಲಿ ನೆರಳು ಮಾಯವಾಗುವುದು ಆಗಸ್ಟ್ 18ರಂದು. ಆಗ ಬೀದರಿನ ನೆರಳು ಉತ್ತರಕ್ಕೆ ಬೀಳಬೇಕು. ನೋಟ್‌ಬುಕ್ಕಿನಲ್ಲಿ ಆ ತಾರೀಖಿನ ಸುತ್ತ ಗೆರೆ ಎಳೆದಿದ್ದಾಳೆ. ಫೋನು ಮತ್ತೆ ಕೇಳಬೇಕು.